ಕಲಾಯಿಯೊಳಗಿನ ಸೀಸ

ಕುಡಚಿಯ ಕಲಾಯಿಗಾರ ಅಲ್ಲಾಬಕ್ಷನ ಮಗಳು ಬಿಸ್ಮಿಲ್ಲಾ ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ತೊಂಬತ್ಮೂರನೇ ಇಸವಿಯ ದೀಪಾವಳಿ ಸೂಟಿ ಮುಗಿದು ಕಾಲೇಜು ಶುರುವಾದ ವಾರ, ರಸಾಯನಶಾಸ್ತ್ರ ಕಲಿಸುವ ಭೂಪಾಲ ಸರ್ ಅವಳನ್ನು ಪ್ರಯೋಗಶಾಲೆಯ ಬಾಗಿಲ ಹತ್ತಿರ ಕರೆದು, "ನಿಮ್ಮ ಕಡೇದೊಂದು ಕೆಲಸ ಐತಿ, ರಾಯಬಾಗದ ಸನೇಕ. ಮಾಡ್ತಿಯೇನ?" ಎಂದು ಕೇಳಿದರು.

ಭೂಪಾಲ ಸರ್ ಕಾಗವಾಡದ ಕಡೆಯವರು. ಮನೆಯಲ್ಲಿ ದ್ರಾಕ್ಷಿ ತೋಟವಿದ್ದರೂ ಅತ್ತ ಹಾಯದೆ ಮಾಸ್ತರಿಕೆ ಹಿಡಿದಿದ್ದರು. ಬೇರೆ ಕಡೆ ಬಿ.ಎಸ್ಸಿ. ಹುಡುಗರು ಮಾಸ್ತರು ಕೊಟ್ಟ ಉಪ್ಪಿನ ಪುಡಿಯಲ್ಲಿ ಏನಿದೆ ಎಂದು ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಇವರು ತಮ್ಮ ಹುಡುಗರಿಂದ ಕೃಷ್ಣಾ ದಂಡೆಯ ಬಾವಿಗಳ ನೀರು ತರಿಸಿ ಹೈದರಾಬಾದಿಗೆ ಕಳಿಸುತ್ತಿದ್ದರು. ಅಲ್ಲಿಯ ದೊಡ್ಡ ಪ್ರಯೋಗಾಲಯವೊಂದರಲ್ಲಿ ಅವರ ಗೆಳೆಯ ಜ್ಞಾನದೇವ ಕೆಲಸಕ್ಕಿದ್ದ. ಅಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು. ಒಂದು ಬಾವಿಯ ನೀರಿಗೆಲ್ಲ ಸೇರಿ ಒಂದು ಚಿಟಿಕೆ ಲೋಹ ಕರಗಿದ್ದರೂ ಅದನ್ನು ಹಿಡಿದು ಹೆಸರಿಟ್ಟು ಹೇಳುವ ಯಂತ್ರ ಅದು.

ಈ ಸಲದ ಕೆಲಸ ಬರೀ ನೀರಿನದಾಗಿರಲಿಲ್ಲ. ರಾಯಬಾಗದ ಡಾಕ್ಟರೊಬ್ಬರು ಭೂಪಾಲ ಸರ್‌ಗೆ ಹೇಳಿಕಳಿಸಿದ್ದರು. ಜಕ್ಕಪ್ಪ ಎಂಬ ರೈತನ ಸಣ್ಣ ಮಗನಿಗೆ ಬಿಟ್ಟೂಬಿಡದ ಹೊಟ್ಟೆನೋವು, ಮೈಯಲ್ಲಿ ರಕ್ತವಿಲ್ಲ, ನಡೆಯುವಾಗ ಪಾದ ಎಳೆಯುತ್ತಾನೆ, ಒಸಡಿನ ಮೇಲೆ ನೀಲಿ ಗೆರೆ ಬಂದಿದೆ. ಹಿಂದಿನ ವರ್ಷ ಅವನ ಅಕ್ಕ ಮೂರ್ಛೆ ಬಂದು ತೀರಿಕೊಂಡಿದ್ದಳು. ಡಾಕ್ಟರಿಗೆ ಸೀಸದ ಮೇಲೆ ಸಂಶಯ.

"ಹೊಟ್ಯಾಗ ಸೀಸ ಹೋಗಾಕತ್ತೈತಿ. ಎಲ್ಲಿಂದ ಅನ್ನೂದು ಗೊತ್ತಿಲ್ಲ. ನೀ ಹೋಗಿ ಮನಿಯಾಗ ಉಣ್ಣೂದು, ಕುಡಿಯೂದು, ಹಚ್ಚೂದು, ಎಲ್ಲಾದರದೂ ಚೂರು ಚೂರು ತಗೊಂಡು ಬಾ. ಇದ ನಿನ್ನ ಪ್ರೊಜೆಕ್ಟ್ ಆಗ್ಲಿ," ಎಂದರು ಸರ್.

ಆ ರವಿವಾರ ಬಿಸ್ಮಿಲ್ಲಾ ರಾಯಬಾಗದಲ್ಲಿ ಬಸ್ಸಿಳಿದು, ಕಬ್ಬಿನ ನಡುವಿನ ಗಾಡಿದಾರಿ ಹಿಡಿದು ಜಕ್ಕಪ್ಪನ ತೋಟದ ಮನೆ ಮುಟ್ಟಿದಳು. ಬಗಲಲ್ಲಿ ಆಮ್ಲದಿಂದ ತೊಳೆದ ಪ್ಲಾಸ್ಟಿಕ್ ಬಾಟಲಿಗಳ ಚೀಲ. ಮನೆ ಕಂಡೊಡನೆ ಅವಳ ಕಾಲು ನಿಂತವು. ಅಂಗಳದ ಬೇವಿನ ಗಿಡ ಅವಳಿಗೆ ಗುರುತಿತ್ತು. ಸಣ್ಣವಳಿದ್ದಾಗ ಅಬ್ಬಾನ ಸೈಕಲ್ಲಿನ ಹಿಂದೆ ಕೂತು ಇಲ್ಲಿಗೆ ಬರುತ್ತಿದ್ದಳು. ಆ ಗಿಡದ ಬುಡದಲ್ಲಿ ಕುಣಿ ತೋಡಿ ಇದ್ದಿಲು ಹೊತ್ತಿಸಿ ಅಬ್ಬಾ ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುತ್ತಿದ್ದರೆ ಇವಳು ತಿದಿ ಒತ್ತುತ್ತಿದ್ದಳು.

ಜಕ್ಕಪ್ಪನ ಹೆಂಡತಿ ಲಗಮವ್ವನೂ ಗುರುತು ಹಿಡಿದಳು. "ನೀ ಕಲಾಯಿ ಅಲ್ಲಾಬಕ್ಷನ ಮಗಳಲ್ಲಾ? ಏ ನಮ್ಮವ್ವಾ, ಎಷ್ಟ ಬೆಳದಿ! ಡಾಕ್ಟರಕಿ ಕಲ್ಯಾಕತ್ತಿಯೇನ?"

"ಡಾಕ್ಟರಕಿ ಅಲ್ರಿ. ನೀರು ತಪಾಸ ಮಾಡೂದು ಕಲ್ಯಾಕತ್ತೇನ್ರಿ."

ಪಡಸಾಲೆಯಲ್ಲಿ ಕೌದಿಯ ಮೇಲೆ ಹುಡುಗ ಮಲಗಿದ್ದ. ಭರಮು ಅವನ ಹೆಸರು. ನಾಲ್ಕು ವರ್ಷದವನು, ನೋಡಿದರೆ ಎರಡರ ಮೇಲೆ ಅನ್ನುವಂತಿರಲಿಲ್ಲ. ಮೊಣಕಾಲು ಹೊಟ್ಟೆಗೆ ಹಚ್ಚಿಕೊಂಡು ಗೋಡೆ ನೋಡುತ್ತಿದ್ದ. ಯಾರು ಬಂದರೆಂದು ತಿರುಗಿಯೂ ನೋಡಲಿಲ್ಲ.

"ಬಾವ್ಯಾಗ ಏನೂ ಇಲ್ಲ ತಂಗಿ," ಎಂದಳು ಲಗಮವ್ವ, ದನಿ ತಗ್ಗಿಸಿ. "ಡಾಕ್ಟರಗೇನ ಗೊತ್ತಾಗ್ತೈತಿ? ಮದ್ದು ಹಾಕ್ಯಾಳ ನಮ್ಮ ನೆಗೆಣ್ಣಿ. ನನ್ನ ಮಗಳನ್ನ ತಿಂದಳು, ಈಗ ಇವನ ಹೊಟ್ಟ್ಯಾಗೂ ಅದ ಕುಂತೈತಿ."

ನೆಗೆಣ್ಣಿ ಅಂದರೆ ಭೀಮಾಬಾಯಿ, ಜಕ್ಕಪ್ಪನ ಸತ್ತ ಅಣ್ಣನ ಹೆಂಡತಿ. ಮಕ್ಕಳಿಲ್ಲದವಳು. ಈ ಮನೆಯ ಒಲೆ ಅವಳ ಕೈಯಲ್ಲೇ ಇತ್ತು. ಎರಡೂ ಕೂಸುಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಉಣಿಸುತ್ತಿದ್ದವಳು ಅವಳೇ. ಹುಡುಗಿ ಸತ್ತ ಮೇಲೆ, ಬಂಜೆ ಹೆಂಗಸು ಹೊಟ್ಟೆಕಿಚ್ಚಿಗೆ ಮದ್ದು ಹಾಕಿದಳು ಎಂದು ಮಂದಿ ಅಂದರು. ಮನೆಯವರೂ ಅಂದರು. ಹಾಡಾಹಗಲು ಅವಳ ಟ್ರಂಕನ್ನು ಅವಳ ತಲೆಯ ಮೇಲೇ ಹೊರಿಸಿ ಊರೊಳಗಿಂದ ನಡೆಸಿದರು. ಹೆಂಗಸರು ಬಾಗಿಲಲ್ಲಿ ನಿಂತು ಉಗುಳಿದರು. ಈಗ ಅವಳು ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದಾಳಂತೆ. ಇಷ್ಟನ್ನೂ ಲಗಮವ್ವ ಜೋಳದ ಹಿಟ್ಟು ಅಳೆದುಕೊಡುತ್ತ ಹೇಳಿದಳು.

ಬಿಸ್ಮಿಲ್ಲಾ ಬಾವಿಯ ನೀರು ತುಂಬಿಕೊಂಡಳು. ಎತ್ತಿನ ಕೋಡಿಗೆ ಬಳಿದ ಕೆಂಪು ಬಣ್ಣ ಚಕ್ಕೆ ಎದ್ದಿತ್ತು, ಅದನ್ನು ಕೆರೆದುಕೊಂಡಳು. ಹುಡುಗನ ಕಣ್ಣಿಗೆ ಹಚ್ಚುವ, ಸಂತೆಯಲ್ಲಿ ಕೊಂಡ ಕಾಡಿಗೆಯನ್ನು ಕಡ್ಡಿಯ ತುದಿಯಲ್ಲಿ ತೆಗೆದುಕೊಂಡಳು. ಅಷ್ಟರಲ್ಲಿ ಲಗಮವ್ವ ಹಿತ್ತಾಳೆಯ ದೊಡ್ಡ ಪಾತೇಲಿಯಿಂದ ಹುಳಿ ಮಜ್ಜಿಗೆ ನುಚ್ಚು ಬಗ್ಗಿಸಿ ತಂದಿಟ್ಟಳು. ಬಿಸಿಲಲ್ಲಿ ನಡೆದು ಬಂದವಳು ಬಟ್ಟಲು ಎತ್ತಿ ಕುಡಿದಳು. ಕುಡಿದಿಡುವಾಗ ಪಾತೇಲಿಯ ಒಳಮೈ ಕಣ್ಣಿಗೆ ಬಿತ್ತು. ಬೆಳ್ಳಗೆ, ಬೆಳ್ಳಿಯ ಹಾಗೆ. ಅರಳೆಯಿಂದ ತಿರುವಿ ತಿರುವಿ ಒರೆಸಿದ ಗುರುತು ಸುತ್ತುಸುತ್ತಾಗಿ ಮೂಡಿತ್ತು. ಅಬ್ಬಾನ ಕೈಯದೇ ಅದು, ಬೇರೆಯವರದಲ್ಲ. ತಳದಲ್ಲಿ ಮಾತ್ರ, ಮಜ್ಜಿಗೆ ನಿಲ್ಲುವಲ್ಲಿ, ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು.

ಉಣ್ಣುವುದು, ಕುಡಿಯುವುದು, ಹಚ್ಚುವುದು ಎಂದಿದ್ದರು ಸರ್. ಅವಳು ಚಾಕುವಿನಿಂದ ಪಾತೇಲಿಯನ್ನೂ ಕೆರೆದುಕೊಂಡಳು.

ಕಾಲೇಜಿನಲ್ಲಿ ತಂದದ್ದನ್ನೆಲ್ಲ ಒಂದೊಂದಾಗಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿದಳು. ಪಾತೇಲಿಯ ಚೂರು ಕರಗುತ್ತ ತವರ ಬಿಳಿ ಪುಡಿಯಾಗಿ ತಳಕ್ಕೆ ಕೂತಿತು. ಸೋಸಿದ ತಿಳಿಗೆ ಪೊಟ್ಯಾಸಿಯಂ ಕ್ರೋಮೇಟ್ ಹನಿ ಬಿಟ್ಟಳು. ನೋಡನೋಡುತ್ತ ಅರಿಸಿನ ಕಲಸಿದ ಹಾಗೆ ಹಳದಿ ಮಡ್ಡಿ ಕಟ್ಟಿತು. ಸೀಸ. ಬಾವಿಯ ನೀರಿನಲ್ಲಿ ಇಲ್ಲ, ಹಿಟ್ಟಿನಲ್ಲಿ ಇಲ್ಲ. ಆದರೆ ಕೋಡಿನ ಬಣ್ಣದಲ್ಲೂ ಹಳದಿ ಬಂತು, ಕಾಡಿಗೆಯಲ್ಲೂ ಬಂತು. ಅವೆರಡು ಬಂದದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಸಣ್ಣ ಹುಡುಗ, ಎತ್ತಿನ ಕೋಡು ಹಿಡಿದು ಆಡುತ್ತಾನೆ, ಕೈ ಬಾಯಿಗೆ ಹಾಕುತ್ತಾನೆ, ಬಣ್ಣವೇ ಇದ್ದೀತು ಎಂದು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡಳು.

"ಮೂರು ಕಡೆ ಐತಿ," ಎಂದರು ಸರ್, ಮೂರೂ ನಳಿಕೆಗಳನ್ನು ಬೆಳಕಿಗೆ ಹಿಡಿದು. "ಅಂದ ಮ್ಯಾಲ ಹುಡುಗನ ರಕ್ತದಾಗಿರೂದು ಯಾವ ಸೀಸ? ಇಲ್ಲಿಗೆ ನಮ್ಮ ನಳಿಕಿ ಕೆಲಸ ಮುಗೀತು ನೋಡು. ಇನ್ನ ಮುಂದಿಂದು ಆ ಯಂತ್ರದ್ದು."

ಅವಳಿಗೆ ಅವರು ಬಿಡಿಸಿ ಹೇಳಿದರು. ಸೀಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಇನ್ನೂರಾ ಆರು, ಇನ್ನೂರಾ ಏಳು, ಇನ್ನೂರಾ ಎಂಟು ಹೀಗೆ ಹಗುರದವೂ ಭಾರದವೂ ಕೂಡಿರುತ್ತವೆ. ಒಂದೊಂದು ಗಣಿಯ ಸೀಸದಲ್ಲಿ ಅವುಗಳ ಪಾಲು ಒಂದೊಂದು ತರ. ಕಾಸಿದರೂ ಬಡಿದರೂ ನುಂಗಿದರೂ ಆ ಪಾಲು ಬದಲಾಗುವುದಿಲ್ಲ. ಮಾಸ್ ಸ್ಪೆಕ್ಟ್ರೋಮೀಟರ್ ಅವನ್ನು ತೂಕದ ಪ್ರಕಾರ ಬೇರೆ ಬೇರೆ ಮಾಡಿ ಎಣಿಸುತ್ತದೆ. ರಕ್ತದ ಸೀಸದ ಪಾಲು ಯಾವುದಕ್ಕೆ ಹೊಂದುತ್ತದೋ ಅದೇ ಮೂಲ.

"ಹುಡುಗನ ರಕ್ತ ಡಾಕ್ಟರು ಕೊಡ್ತಾರ. ಆದ್ರ ಬರೇ ಬ್ಯಾನಿ ಇದ್ದಾವಂದು ತಗೊಂಡ್ರ ಆಗೂದಿಲ್ಲ. ಅದ ಸೀಮಿ ಒಬ್ಬರು ಆರಾಮ ಇದ್ದವರದು ಬೇಕು, ಹೋಲಿಸಿ ನೋಡಾಕ."

"ನಂದ ತಗೋರಿ ಸರ್," ಎಂದು ಬಿಸ್ಮಿಲ್ಲಾ ತೋಳು ಚಾಚಿದಳು. ಅವಳಿಗೆ ಅಂಥ ಬೇನೆಯೇನೂ ಇರಲಿಲ್ಲ. ಆಗಾಗ ಹೊಟ್ಟೆ ಹಿಂಡುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬಹಳ ಓದಿ ಹಾಗಾಗಿದೆ ಎಂದು ಅಮ್ಮಿ ಅನ್ನುತ್ತಿದ್ದಳು.

ಬಾಗಿಲವರೆಗೆ ಹೋದವಳನ್ನು ಸರ್ ಮತ್ತೆ ಕರೆದರು. "ಆ ಪಾತೇಲಿಗೆ ಕಲಾಯಿ ಹಾಕಿದಾವ ಯಾರು ಕೇಳಕೊಂಡು, ಅವನ ಮಾಲಿನ ಒಂದ ತುಣುಕೂ ತಗೊಂಡ ಬಾ."

"ತರ್ತೇನ್ರಿ," ಎಂದಳು. ಯಾರೆಂದು ಹೇಳಲಿಲ್ಲ.

ಕುಡಚಿಯಲ್ಲಿ ಅವರ ಮನೆ ಎರಡು ಖೋಲಿಯದು. ಹಿತ್ತಲಲ್ಲಿ ಅಬ್ಬಾ ಕಬ್ಬಿಣದ ಸೌಟಿನಲ್ಲಿ ಲೋಹ ಕರಗಿಸುತ್ತಿದ್ದ. ಪಕ್ಕದಲ್ಲಿ ಒಡೆದ ಟ್ರ್ಯಾಕ್ಟರ್ ಬ್ಯಾಟರಿಗಳ ಸೀಸದ ಫಲಕಗಳ ಗುಡ್ಡೆ. ಹೊಗೆ ಅಡುಗೆಮನೆಯ ಕಿಟಕಿಗೆ ಹೊಡೆಯುತ್ತಿತ್ತು. ಅಷ್ಟು ವರ್ಷ ದಿನಾ ಕಂಡದ್ದನ್ನು ಅವತ್ತು ಮೊದಲ ಸಲ ಎಂಬಂತೆ ನಿಂತು ನೋಡಿದಳು.

"ಅಬ್ಬಾ, ತವರದಾಗ ಎಷ್ಟ ಸೀಸ ಕೂಡಸ್ತಿ?"

"ಅರ್ಧಕ್ಕರ್ಧ. ಉಸ್ತಾದ ಕಲಿಸಿದ ಲೆಕ್ಕ. ಬರೇ ತವರಾ ಹಾಕಾಕ ನಾವೇನ ಸಾವಕಾರರ? ಸೀಸ ಇದ್ರ ಲಗೂ ಹರೀತೈತಿ, ಛಂದ ಹತ್ತತೈತಿ," ಎಂದು ಅಲ್ಲಾಬಕ್ಷ ನಕ್ಕ. ನಕ್ಕಾಗ ಅವನ ಒಸಡಿನ ಮೇಲಿನ ನೀಲಿ ಗೆರೆ ಕಂಡಿತು. ಅವಳು ಮುಖ ಹೊರಳಿಸಿದಳು.

ಅಬ್ಬಾ ನಮಾಜಿಗೆ ಹೋದ ಮೇಲೆ ಅವನ ಚೀಲ ತೆಗೆದಳು. ಅದರಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡ ಚೊಕ್ಕ ತವರದ ಕಡ್ಡಿಯೊಂದಿತ್ತು. ಹಾಕಲು ಬಳಸುವ ಬೂದು ಗಟ್ಟಿಯೂ ಇತ್ತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಕಡ್ಡಿ ಒಯ್ದು ಕೊಟ್ಟರೆ ಯಾರೂ ಕೇಳುವವರಿಲ್ಲ. ಪಾತೇಲಿಯ ಚೂರಿನ ಬಗ್ಗೆ ಏನಾದರೂ ಹೇಳಿ ಜಾರಬಹುದು. ಗೋಡೆ ನೋಡುತ್ತ ಮಲಗಿದ್ದ ಹುಡುಗನ ಬೆನ್ನು ಕಣ್ಣ ಮುಂದೆ ಬಂತು. ಬೂದು ಗಟ್ಟಿಯ ಮೂಲೆ ಕತ್ತರಿಸಿಕೊಂಡು ಉಳಿದದ್ದನ್ನು ಚೀಲದಲ್ಲಿಟ್ಟಳು.

ಹೈದರಾಬಾದಿಗೆ ಸರ್ ಮತ್ತು ಅವರ ಹೆಂಡತಿಯ ಜೊತೆಗೆ ಹೋದಳು. ಮಿರಜಿನಿಂದ ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ರೈಲು. ಮಗಳು ಅಷ್ಟು ದೂರ ಹೋಗುವುದಕ್ಕೆ ಅಮ್ಮಿ ಚಮನಬಿ ಅಡ್ಡಿ ಮಾಡಿದಳು. ಅಲ್ಲಾಬಕ್ಷನೇ, "ಹೋಗ್ಲಿ ಬಿಡ, ನಮ್ಮ ಖಾನದಾನದಾಗ ಯಾರು ಇಂಥಾ ಮಷೀನ ನೋಡ್ಯಾರ?" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದ.

ಯಂತ್ರವಿದ್ದ ಖೋಲಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಆರ್ಗಾನ್ ಅನಿಲದ ಜ್ವಾಲೆ ಗಾಜಿನ ನಳಿಕೆಯೊಳಗೆ ಸದ್ದಿಲ್ಲದೆ ಉರಿಯುತ್ತಿತ್ತು. ಕರಗಿಸಿ ತಂದ ಒಂದೊಂದು ಮಾದರಿಯೂ ತುಂತುರಾಗಿ ಆ ಜ್ವಾಲೆಯೊಳಗೆ ಹೊಕ್ಕು, ಪರಮಾಣುಗಳಾಗಿ ಒಡೆದು, ಸಣ್ಣ ರಂಧ್ರದ ಮೂಲಕ ನಿರ್ವಾತದೊಳಕ್ಕೆ ಎಳೆದುಕೊಂಡು ಹೋಗಿ, ತೂಕದ ಪ್ರಕಾರ ಬೇರೆಯಾಗುತ್ತಿತ್ತು. ಪರದೆಯ ಮೇಲೆ ಮೂರು ಗೋಪುರದಂಥ ಗೆರೆಗಳು ಏಳುತ್ತಿದ್ದವು. ಜ್ಞಾನದೇವ ಮಾತು ಕಡಿಮೆಯ ಮನುಷ್ಯ. ಪ್ರತಿಯೊಂದನ್ನೂ ಮತ್ತೆ ಮತ್ತೆ ಓಡಿಸಿ, ಪಾಲು ಲೆಕ್ಕ ಹಾಕಿ, ಕಾಗದದ ಮೇಲೆ ಚುಕ್ಕಿ ಇಡುತ್ತ ಹೋದ. ಕಾಡಿಗೆಯ ಚುಕ್ಕಿ ಒಂದು ಮೂಲೆಗೆ ಬಿತ್ತು. ಕೋಡಿನ ಬಣ್ಣದ್ದು ಇನ್ನೊಂದು ಮೂಲೆಗೆ. ಪಾತೇಲಿಯದೂ ಬೂದು ಗಟ್ಟಿಯದೂ ನಡುವೆ, ಒಂದರ ಮೈಗೊಂದು ಹತ್ತಿಕೊಂಡು ಬಿದ್ದವು.

ಆಮೇಲೆ ಹುಡುಗನ ರಕ್ತ. ಚುಕ್ಕಿ ಅವೆರಡರ ಪಕ್ಕಕ್ಕೇ ಬಂದು ಕೂತಿತು.

"ಕಲಾಯೀನ. ಬಣ್ಣಾನೂ ಅಲ್ಲ, ಕಾಡಿಗೀನೂ ಅಲ್ಲ," ಎಂದ ಜ್ಞಾನದೇವ. ಭೂಪಾಲ ಸರ್ ಅವಳ ಕಡೆ ತಿರುಗಿ ಹೆಮ್ಮೆಯಿಂದ ತಲೆ ಆಡಿಸಿದರು.

ಉಳಿದದ್ದು ಆರಾಮ ಇದ್ದವರ ರಕ್ತ. ಅದನ್ನು ಓಡಿಸಿದ ಜ್ಞಾನದೇವ ಹುಬ್ಬು ಗಂಟಿಕ್ಕಿದ. ಕೊಳವೆಯನ್ನು ತೊಳೆದು ಇನ್ನೊಮ್ಮೆ ಓಡಿಸಿದ. ಮತ್ತೊಮ್ಮೆ.

"ಭೂಪಾಲ, ಇದು ಯಾರ ರಕ್ತಾನೋ? ಆರಾಮ ಇದ್ದವರದು ಅಂದಿದ್ದಿ. ಇದರಾಗೂ ಸೀಸ ಐತಿ. ಹುಡುಗನಷ್ಟ ಇಲ್ಲ, ಆದ್ರ ಇರಬಾರದಷ್ಟ ಐತಿ. ಮ್ಯಾಲ ಮೂಲಾನೂ ಅದ, ನೋಡಿಲ್ಲೆ." ಅವನ ಬೆರಳು ಆ ಚುಕ್ಕಿಗಳ ಗುಂಪಿನ ಮೇಲಿತ್ತು.

ಸರ್ ಅವಳ ಮುಖ ನೋಡಿದರು.

"ನಂದ್ರಿ," ಎಂದಳು ಬಿಸ್ಮಿಲ್ಲಾ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ಆ ಕಲಾಯಿ ನಮ್ಮ ಅಬ್ಬಾ ಹಾಕಿದ್ದ್ರಿ ಸರ್. ಆ ತುಣುಕು ನಮ್ಮ ಮನೀದ."

ಜ್ಞಾನದೇವ ಮೆಲ್ಲಗೆ ಕೇಳಿದ: "ಮನಿಯಾಗ ಸಣ್ಣ ಕೂಸುಗಳು ಅದಾವೇನವಾ?"

"ಇಲ್ರಿ. ನನ್ನ ಮ್ಯಾಲ ಅಮ್ಮಿಗೆ ಯಾವೂ ಉಳೀಲಿಲ್ರಿ," ಎಂದುಬಿಟ್ಟಳು. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹೊಟ್ಟೆಯಲ್ಲೇ ಸತ್ತು ಹುಟ್ಟಿದ ತಮ್ಮ. ತಿಂಗಳು ತುಂಬದೆ ಜಾರಿಹೋದವು. ಹಿತ್ತಲ ಒಲೆಯ ಪಕ್ಕ ಕೂತು ಬಸುರಿ ಅಮ್ಮಿ ಬ್ಯಾಟರಿಯ ಫಲಕ ಬಿಡಿಸುತ್ತಿದ್ದುದು. ಬಿಸ್ಮಿಲ್ಲಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಸರ್ ಹೊರಗೆ ಕಾಯುತ್ತಿದ್ದ ಹೆಂಡತಿಯನ್ನು ಒಳಗೆ ಕರೆದರು.

ತಿರುಗಿ ಬರುವಾಗ ರೈಲಿನಲ್ಲಿ ಸರ್ ಅಂದರು: "ಈ ವರ್ಷ ಗಾಳಿ ಛಲೋ ಇಲ್ಲ ಬಿಸ್ಮಿಲ್ಲಾ. ಒಂದ ಸುಳಿವು ಸಿಕ್ಕರ ಸಾಕು, ಜಾತಿ ಹಿಡದು ಬಡದಾಡ್ತಾರ. ಕಲಾಯಿಂದ ಅಂತ ಬರಿಯೂಣು. ಹೆಸರು ಬ್ಯಾಡ."

"ಆ ಕಡೆ ಕಲಾಯಿ ಹಾಕಾಕ ಹೋಗಾವ ಒಬ್ಬನ ಸರ್. ಹೆಸರು ಬರದ್ರೂ ಅಷ್ಟ, ಬಿಟ್ರೂ ಅಷ್ಟ."

ಡಾಕ್ಟರಿಗೆ ಸುದ್ದಿ ಮುಟ್ಟುವ ಮೊದಲು ಅಬ್ಬಾನಿಗೆ ತಾನೇ ಹೇಳಬೇಕೆಂದು ಅವಳು ನೇರ ಕುಡಚಿಗೆ ಬಂದಳು. ಸಂಜೆ ಚಹಾ ಕುಡಿಯುತ್ತ ಕೂತಿದ್ದ ಅಲ್ಲಾಬಕ್ಷ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದ. "ನನ್ನ ಅಬ್ಬಾ ಹಾಕ್ಯಾನ, ಅವನ ಅಬ್ಬಾ ಹಾಕ್ಯಾನ. ಸೀಸ ಹಾಕದವ ಯಾರದಾನ? ಮಂದಿ ಸತ್ತಾರೇನು? ಇದಕ್ಕ ಓದಿಸಿದೆ ಏನ ನಿನ್ನ, ನನ್ನ ಚೀಲಾ ಕದ್ದು ತಪಾಸ ಮಾಡ್ಲಿ ಅಂತ?"

ಬಿಸ್ಮಿಲ್ಲಾ ತನ್ನ ರಕ್ತದಲ್ಲಿ ಸಿಕ್ಕದ್ದನ್ನು ಹೇಳಿದಳು. ಅಬ್ಬಾ ಚಹಾದ ಬಸಿ ಕೆಳಗಿಟ್ಟ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚಮನಬಿ ಒಳಗೆ ಬಂದಳು. "ನನ್ನ ಕೂಸುಗಳೂ ಇದಕ್ಕ ಹೋದ್ವೇನ?"

ಮಗಳು ತಲೆ ತಗ್ಗಿಸಿದಳು.

"ಕೇಳಾಕತ್ತೇನಿ. ಬಾಯಿ ಬಿಡು."

"ಖರೇನ ಹೇಳಾಕ ಬರೂದಿಲ್ಲಮ್ಮಿ. ಆದ್ರ ಸೀಸ ಇದ್ರ ಹಂಗ ಆಗ್ತಾವು ಅಂತ ಅವರು ಹೇಳಿದ್ರು."

ಚಮನಬಿ ಅಳಲಿಲ್ಲ. ಗಂಡನ ಕಡೆ ಒಮ್ಮೆ ನೋಡಿದಳು. ಹಿತ್ತಲಿಗೆ ಹೋಗಿ ಬ್ಯಾಟರಿಯ ಫಲಕಗಳನ್ನು ಬುಟ್ಟಿಗೆ ತುಂಬಿ ಹೊರಗೆಸೆಯತೊಡಗಿದಳು. ಅಲ್ಲಾಬಕ್ಷ ತಡೆಯಲು ಏಳಲಿಲ್ಲ. ಪೀರರ ದರ್ಗಾಕ್ಕೆ ಹರಕೆ ಹೊತ್ತದ್ದು, ತಾಯತ ಕಟ್ಟಿಸಿದ್ದು, ಹೆಂಡತಿಯ ಹೊಟ್ಟೆಯೇ ಸರಿಯಿಲ್ಲ ಎಂದು ಅವಳ ತವರಿಗೆ ಹೇಳಿಕಳಿಸಿದ್ದು, ಇದರಲ್ಲಿ ಅವನ ತಲೆಯಲ್ಲಿ ಏನೇನು ಹಾದುಹೋಯಿತೋ. ಬೆಳಗಾದ ಮೇಲೆ ಸೈಕಲ್ಲು ತೆಗೆದು, "ನಡಿ, ಜಕ್ಕಪ್ಪನ ತೋಟಕ್ಕ ಹೋಗೂಣು. ಬ್ಯಾರೇದವರ ಬಾಯಿಲೆ ಕೇಳೂದಕ್ಕಿಂತ ನಾನ ಹೇಳ್ತೇನಿ," ಎಂದ.

ಜಕ್ಕಪ್ಪ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದ. ಅಲ್ಲಾಬಕ್ಷ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತು, ಸುತ್ತಿಬಳಸದೆ ಹೇಳಿದ. ತನ್ನ ಕಲಾಯಿಯಲ್ಲಿ ಸೀಸ ಇದ್ದದ್ದು, ಹುಳಿಗೆ ಅದು ಕರಗಿ ಮಜ್ಜಿಗೆಯೊಳಗೆ ಇಳಿದದ್ದು, ಹುಡುಗನ ರಕ್ತದಲ್ಲಿ ಅದೇ ಸಿಕ್ಕದ್ದು. ತಿಳಿಯದೆ ಮಾಡಿದೆ ಎಂದ. ಹುಡುಗನನ್ನು ಮಿರಜಿನ ದವಾಖಾನೆಗೆ ಒಯ್ದರೆ ಇಳಿಸುವ ಔಷಧ ಇದೆ, ಇವತ್ತೇ ಒಯ್ಯಿರಿ ಎಂದು ಬಿಸ್ಮಿಲ್ಲಾ ಹೇಳಿದಳು.

ಜಕ್ಕಪ್ಪ ಕೊಡ ಕೆಳಗಿಟ್ಟ. ಗೋಡೆಗೆ ಆನಿಸಿಟ್ಟ ಬಾರಕೋಲು ತೆಗೆದುಕೊಂಡು ಬಂದು ಅಲ್ಲಾಬಕ್ಷನ ಹೆಗಲಿಗೆ ಬಾರಿಸಿದ. ಇನ್ನೊಂದು ಏಟು ಕೈಗೆ ಬಿತ್ತು. ಅಲ್ಲಾಬಕ್ಷ ಹಿಂದೆ ಸರಿಯಲಿಲ್ಲ. "ಕಾಕಾ, ಬ್ಯಾಡ್ರಿ!" ಎಂದು ಬಿಸ್ಮಿಲ್ಲಾ ನಡುವೆ ಬಂದಳು. ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಜಕ್ಕಪ್ಪ ಕೋಲು ಬಿಸಾಡಿ ದನ ಕಟ್ಟುವ ದಂದಕಿಯ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ.

ಲಗಮವ್ವ ಒಳಗಿನಿಂದ ಪಾತೇಲಿ ತಂದು ಅಂಗಳಕ್ಕೆ ಒಗೆದಳು. ಅದು ಉರುಳಿ ಗೋದಲಿಗೆ ಹೋಗಿ ತಾಗಿತು. "ನಾನ ದಿನಾ ತೊಳದು ಬೋರಲ ಹಾಕ್ತಿದ್ನೆಲ್ಲೋ," ಎಂದು ಅರಚಿದಳು. ಆಮೇಲೆ ದನಿ ಒಮ್ಮೆಲೇ ಇಳಿಯಿತು. "ಹಂಗಾದ್ರ... ಭೀಮಕ್ಕ..."

ಜಕ್ಕಪ್ಪ ಮುಖ ಎತ್ತದೆ ಅಂದ: "ಯಾವ ಮಾರಿ ತಗೊಂಡು ಆಕೀ ಮುಂದ ಹೋಗಿ ನಿಂದರಲಿ ನಾನು?"

ಅವರು ಹೋಗಲಿಲ್ಲ. ಹುಡುಗನನ್ನು ಮಿರಜಿಗೆ ಒಯ್ದರು. ನಿಪ್ಪಾಣಿಗೆ ಹೋದದ್ದು ಬಿಸ್ಮಿಲ್ಲಾ.

ವಖಾರಿಯ ಬಾಗಿಲು ಹೊಕ್ಕರೆ ತಂಬಾಕಿನ ಧೂಳಿಗೆ ಕಣ್ಣು ಉರಿಯುತ್ತಿತ್ತು. ಸೆರಗು ಮೂಗಿಗೆ ಕಟ್ಟಿಕೊಂಡ ಹೆಂಗಸರು ಸಾಲಾಗಿ ಕೂತು ಎಲೆ ಬಡಿದು ಜರಡಿ ಹಿಡಿಯುತ್ತಿದ್ದರು. ಮರಾಠಿಯಲ್ಲಿ ಕೇಳಿದಾಗ ಒಬ್ಬಳು ಮೂಲೆಗೆ ಕೈ ತೋರಿದಳು. ಭೀಮಾಬಾಯಿ ಎದ್ದು ಹೊರಗೆ ಬಂದಳು. ನಲವತ್ತರ ಹೆಂಗಸು, ಕೂದಲು ಪೂರಾ ಬೆಳ್ಳಗಾಗಿತ್ತು. ಕೆಮ್ಮಿದರೆ ಬಗ್ಗಿ ಕೆಮ್ಮುತ್ತಿದ್ದಳು.

ಗೋಡೆಯ ನೆರಳಿಗೆ ಕೂತು ಬಿಸ್ಮಿಲ್ಲಾ ಎಲ್ಲವನ್ನೂ ಹೇಳಿದಳು. ಯಂತ್ರದ ಮಾತನ್ನು ಆದಷ್ಟು ಸರಳ ಮಾಡಿ ಹೇಳಿದಳು. "ಮದ್ದು ಅಲ್ರಿ, ಯಾರೂ ಏನೂ ಹಾಕಿಲ್ಲ. ನಿಮ್ಮದೇನೂ ತಪ್ಪಿಲ್ಲ ಅಂತ ಅವರಿಗೂ ಗೊತ್ತಾಗೇತ್ರಿ," ಎಂದು ಮುಗಿಸಿದಳು. ಈ ಮಾತು ಕೇಳಿ ಅವಳ ಮುಖ ಸ್ವಲ್ಪವಾದರೂ ತಿಳಿಯಾದೀತು ಎಂದುಕೊಂಡಿದ್ದಳು.

ಭೀಮಾಬಾಯಿ ಮೂಗಿನ ಸೆರಗು ಸರಿಸಿದಳು. "ಮಜ್ಜಿಗ್ಯಾಗ ಇತ್ತಂದಿಯಾ?"

"ಹೌದ್ರಿ. ಹುಳಿ ಆದಷ್ಟೂ ಹೆಚ್ಚ ಇಳೀತೈತ್ರಿ."

"ಹುಡುಗಿ ಹುಳಿ ಮಜ್ಜಿಗಿ ಅಂದ್ರ ಜೀವಾ ಬಿಡ್ತಿತ್ತು. ಆರಾಮಿಲ್ಲದಾಗ ಮತ್ತೇನೂ ಉಣ್ಣವಲ್ದು. ಮಜ್ಜಿಗಿ ನುಚ್ಚು ಕಲಿಸಿ, ಹಟಾ ಮಾಡಿದ್ರೂ ಬಿಡದ, ಮೂಗು ಹಿಡದು ಉಣಸ್ತಿದ್ದೆ." ಅವಳು ತನ್ನ ಬಲಗೈ ಎತ್ತಿ ನೋಡಿಕೊಂಡಳು. ಬೆರಳೆಲ್ಲ ತಂಬಾಕಿನ ಕಂದು ಹತ್ತಿತ್ತು. "ಮಂದಿ ಉಗುಳಿದ್ರು. ಉಗುಳ್ರಿ ಅಂದೆ. ನನ್ನ ಕೈ ಏನೂ ಮಾಡಿಲ್ಲ ಅನ್ನೂದು ನನಗ ಗೊತ್ತಿತ್ತು. ಅದೊಂದರ ಮ್ಯಾಲ ಇಷ್ಟ ದಿನಾ ಜೀವಾ ಹಿಡಕೊಂಡಿದ್ದೆ. ಈಗ ಬಂದು ನೀ ಏನ ಹೇಳಿದಿ ನೋಡು."

"ನಿಮಗ ಗೊತ್ತಿರ್ಲಿಲ್ಲಲ್ರಿ ಚಿಗವ್ವಾ..."

"ಕೂಸಿಗೂ ಗೊತ್ತಿರ್ಲಿಲ್ಲ," ಎಂದಳು ಭೀಮಾಬಾಯಿ.

ಒಳಗಿನಿಂದ ಮುಕಾದಮ ಕೂಗಿದ. ಅವಳು ಗೋಡೆ ಹಿಡಿದು ಎದ್ದಳು. ಮನೆಗೆ ಬರ್ರಿ, ಅವರು ಕರೆಯುತ್ತಾರೆ ಎಂದು ಬಿಸ್ಮಿಲ್ಲಾ ಇನ್ನೇನೋ ಹೇಳಹೊರಟಳು. ಭೀಮಾಬಾಯಿ ತಿರುಗಿ ನೋಡದೆ ಧೂಳಿನೊಳಗೆ ಹೋದಳು. ಆ ಮನೆಗೆ ಅವಳು ಮತ್ತೆ ಕಾಲಿಡಲಿಲ್ಲ. ಜಕ್ಕಪ್ಪ ಕಡೆಗೊಮ್ಮೆ ಧೈರ್ಯ ಮಾಡಿ ಬಂದಾಗ, ಹೊರಗೆ ಬರುವುದಿಲ್ಲ ಎಂದು ಹೇಳಿಕಳಿಸಿದಳು. ಎರಡು ಮಳೆಗಾಲ ಕಳೆದು ಅವಳು ತೀರಿಕೊಂಡಾಗ ಮಣ್ಣು ಮಾಡಿದವರು ವಖಾರಿಯ ಹೆಂಗಸರು.

ಭರಮು ಬದುಕಿದ. ಮಿರಜಿನಲ್ಲಿ ಸೂಜಿ ಕೊಟ್ಟು ಸೀಸ ಇಳಿಸಿದರು. ಹೊಟ್ಟೆನೋವು ಹೋಯಿತು, ಮೈಗೆ ಬಣ್ಣ ಬಂತು. ಎಡಗಾಲು ಎಳೆಯುವುದು ಉಳಿಯಿತು. ಸಾಲೆಗೆ ಹಾಕಿದರೆ ಅಕ್ಷರ ಹತ್ತಲಿಲ್ಲ. ಲಗಮವ್ವ ಅವನನ್ನು ಕೂಡಿಸಿಕೊಂಡು ಒಂದರಿಂದ ಹತ್ತರವರೆಗೆ ಎಣಿಸಲು ಕಲಿಸುತ್ತಿದ್ದಳು. ಆರರ ಮುಂದೆ ಅವನು ಪ್ರತಿಸಲ ನಿಲ್ಲುತ್ತಿದ್ದ.

ಸರ್ ಹೆದರಿದಂಥ ಗಲಾಟೆ ಆಗಲಿಲ್ಲ. ಆದರೆ ಸುದ್ದಿ ಹಬ್ಬಿತು. ರಾಯಬಾಗ, ಅಥಣಿ ಕಡೆಯ ಊರುಗಳಲ್ಲಿ ಕಲಾಯಿಗೆ ಪಾತ್ರೆ ಕೊಡುವುದು ನಿಂತುಹೋಯಿತು. ಚೊಕ್ಕ ತವರ ಹಾಕುತ್ತೇವೆಂದರೂ ಯಾರೂ ನಂಬಲಿಲ್ಲ. ಕುಡಚಿಯ ಆ ಓಣಿಯಲ್ಲಿ ಇನ್ನೂ ಕೆಲವು ಕಲಾಯಿಗಾರರ ಮನೆಗಳಿದ್ದವು. ಅಲ್ಲಾಬಕ್ಷನ ಮಗಳು ಓದಿ ನಮ್ಮ ಅನ್ನಕ್ಕೆ ಮಣ್ಣು ಹಾಕಿದಳು ಎಂದು ಅವರು ಮದುವೆ ಮುಂಜಿಗೆ ಇವರನ್ನು ಕರೆಯುವುದು ಬಿಟ್ಟರು. ಅವರ ಮಕ್ಕಳ ರಕ್ತವನ್ನೂ ತಪಾಸಣೆ ಮಾಡಿಸಿರಿ ಎಂದು ಬಿಸ್ಮಿಲ್ಲಾ ಮನೆ ಮನೆಗೆ ಹೋಗಿ ಹೇಳಿದಳು. ಒಬ್ಬರು ಮಾತ್ರ ಒಪ್ಪಿದರು, ಅದೂ ಕದ್ದು. ಅಲ್ಲಾಬಕ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮಾಲು ಹೊರಲು ನಿಂತ. ಏಟು ಬಿದ್ದ ಕೈ ಮೇಲೆತ್ತಲು ಬರುತ್ತಿರಲಿಲ್ಲ, ಆದ್ದರಿಂದ ಬೆನ್ನ ಮೇಲೆ ಹೊರುತ್ತಿದ್ದ. ಅವನೂ ಚಮನಬಿಯೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟರು. ಉಣ್ಣಲು ಕರೆಯಬೇಕಾದರೆ ಅವಳು ತಾಟು ಸದ್ದು ಮಾಡಿ ಇಡುತ್ತಿದ್ದಳು.

ಬಿಸ್ಮಿಲ್ಲಾ ಒಳ್ಳೆಯ ಮಾರ್ಕಿನಲ್ಲಿ ಪಾಸಾಗಿ ಅಥಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸತೊಡಗಿದಳು. ರಕ್ತದೊಳಗಿನ ಸೀ‍ಸ ಇಳಿಯುತ್ತದೆ, ಎಲುಬಿಗೆ ಹೋದದ್ದು ಅಲ್ಲೇ ಕೂತಿರುತ್ತದೆ, ಬಸಿರಾದಾಗ ಮತ್ತೆ ಹೊರಬರಬಹುದು ಎಂದು ರಾಯಬಾಗದ ಡಾಕ್ಟರು ಅವಳಿಗೆ ತಿಳಿಸಿ ಹೇಳಿದ್ದರು. ತೊಂಬತ್ತೇಳರಲ್ಲಿ ಸಾಂಗಲಿಯಿಂದ ಹೆಣ್ಣು ನೋಡಲು ಬಂದವರು ಎಲ್ಲ ಒಪ್ಪಿ, ಬಾಯಿ ಸಿಹಿ ಮಾಡಿಕೊಂಡು ಕೂತಿದ್ದಾಗ ಅವಳೇ ಹುಡುಗನ ತಾಯಿಯ ಮುಂದೆ ಈ ಮಾತು ತೆಗೆದಳು. ಅವರು ಕೇಳಿಸಿಕೊಂಡರು. ಮನೆಯಲ್ಲಿ ಮಾತಾಡಿ ಹೇಳಿಕಳಿಸುತ್ತೇವೆ ಎಂದು ಎದ್ದರು.

ಗಾಡಿ ಓಣಿ ದಾಟಿದ ಮೇಲೆ ಚಮನಬಿ ಮಗಳ ಮೇಲೆ ಹರಿಹಾಯ್ದಳು. "ಅವರು ಕೇಳಿದ್ರೇನ ನಿನಗ? ಯಾರು ಕೇಳಿದ್ರು? ಯಾಕ ಹೇಳಿದಿ?"

"ನಿನಗ ಯಾರೂ ಹೇಳಿರ್ಲಿಲ್ಲಮ್ಮಿ," ಎಂದಳು ಬಿಸ್ಮಿಲ್ಲಾ.

ಪಕ್ಕದ ಖೋಲಿಯಲ್ಲಿ ಅಲ್ಲಾಬಕ್ಷ ಕೆಮ್ಮುವುದು ಕೇಳಿಸಿತು. ತಾಯಿ ಮಗಳ ಹತ್ತಿರ ಬಂದು, ಬಂದವರಿಗಾಗಿ ಅವಳ ಮುಡಿಗೆ ಏರಿಸಿದ್ದ ಮಲ್ಲಿಗೆ ಮಾಲೆಯನ್ನು ಬಿಚ್ಚತೊಡಗಿದಳು. ಕೂದಲಿಗೆ ಸಿಕ್ಕಿಕೊಂಡಿದ್ದ ದಾರ ಬಿಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು.